ಮಳೆ ಬಂದರೆ ಪೆಟ್ರೋಲ್ ಗಾಡಿ ಮಿಸ್ ಹೊಡೆಯುತ್ತದೆ: ಬೆಳಗಾವಿ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಮೃಗಶಿರ ಮಳೆ ಹಿಡಿಯಿತು ಅಂದರೆ ಬೆಳಗಾವಿಯಲ್ಲಿ ಎರಡು ಕೆಲಸ ಶುರುವಾಗುತ್ತವೆ. ಒಂದು ಛತ್ರಿ ರಿಪೇರಿ, ಇನ್ನೊಂದು ಗಾಡಿ ರಿಪೇರಿ. ಖಾನಾಪುರ, ಜಾಂಬೋಟಿ ಕಡೆಯವರಿಗಂತೂ ಸೆಪ್ಟೆಂಬರ್ ತನಕ ಇದೇ ಗೋಳು. ನಾನು ಮಿಸ್ತ್ರಿ ಅಲ್ಲ. ನಮ್ಮ ಕಾಕಾ ಗ್ಯಾರೇಜ್ ಇಟ್ಟಿದ್ದರು, ಶಾಲೆಯ ರಜೆಗಳನ್ನೆಲ್ಲ ಅಲ್ಲೇ ಪಾನಾ ಹಿಡಿದು ಕಳೆದವನು ನಾನು. ಈಗಲೂ ಮಳೆಯಲ್ಲಿ ಗಾಡಿ ನಿಂತರೆ ಓಣಿಯವರು ಮೊದಲು ನನಗೇ ಫೋನ್ ಮಾಡುತ್ತಾರೆ. ಅವರು ಕೇಳುವುದನ್ನೇ ಇಲ್ಲಿ ಬರೆದಿದ್ದೇನೆ. ಡೀಸೆಲ್ ಗಾಡಿಗೆ ಸ್ಪಾರ್ಕ್ ಪ್ಲಗ್ ಇರುವುದಿಲ್ಲ, ಅದರ ಕಥೆಯೇ ಬೇರೆ. ಇಲ್ಲಿ ಪೆಟ್ರೋಲ್ ಮಾತ್ರ.

ಬಿಸಿಲಿಗೆ ಗಾಡಿ ಛಲೋ ಓಡುತ್ತದೆ. ಮಳೆ ಬಂದರೆ ಮಾತ್ರ ಮಿಸ್ ಹೊಡೆಯುತ್ತದೆ. ಯಾಕೆ?

ಮಿಸ್ ಅಂದರೆ ಸಿಲಿಂಡರಿನೊಳಗೆ ಪೆಟ್ರೋಲ್ ಸರಿಯಾಗಿ ಹೊತ್ತಿಕೊಳ್ಳದೆ ಇಂಜಿನ್ ಮುಗ್ಗರಿಸುವುದು. ಮಳೆ ಹೊಸ ರೋಗ ತರುವುದು ಕಡಿಮೆ. ಒಳಗೆ ಮೊದಲೇ ಇದ್ದದ್ದನ್ನು ಹೊರಗೆ ಹಾಕುತ್ತದೆ, ಅಷ್ಟೇ.

ಬ್ಯಾಟರಿಯ 12 ವೋಲ್ಟನ್ನು ಇಗ್ನಿಷನ್ ಕಾಯಿಲ್ 10,000ದಿಂದ 25,000 ವೋಲ್ಟ್ ತನಕ ಏರಿಸುತ್ತದೆ. ಕೆಲವು ಗಾಡಿಗಳಲ್ಲಿ ಅದಕ್ಕೂ ಮೇಲೆ ಹೋಗುತ್ತದೆ. ಈ ಕರೆಂಟ್ ಪ್ಲಗ್ಗಿನ ತುದಿಯಲ್ಲಿ ಕಿಡಿಯಾಗಿ ಹಾರಬೇಕು. ಆದರೆ ನಡುವೆ ಎಲ್ಲಾದರೂ ಸಸ್ತಾ ದಾರಿ ಸಿಕ್ಕರೆ ಅದು ಆ ಕಡೆಯೇ ಹೋಗಿಬಿಡುತ್ತದೆ. ಬಿರುಕು ಬಿಟ್ಟ ವೈರು, ಪ್ಲಗ್ ಕ್ಯಾಪಿನ (ಪ್ಲಗ್ಗಿನ ತಲೆಗೆ ಕೂರಿಸುವ ಮುಚ್ಚಳ) ಮೇಲೆ ಕೂತ ಎಣ್ಣೆ-ಧೂಳು ಇವೆಲ್ಲ ಬೇಸಿಗೆಯಲ್ಲಿ ತೆಪ್ಪಗೆ ಇರುತ್ತವೆ. ಒದ್ದೆಯಾದ ಕೂಡಲೇ ಅದೇ ಧೂಳು ಕರೆಂಟಿಗೆ ದಾರಿಯಾಗುತ್ತದೆ. ಶುದ್ಧ ನೀರು ಕರೆಂಟನ್ನು ಅಷ್ಟಾಗಿ ಒಯ್ಯುವುದಿಲ್ಲ. ಆದರೆ ನಮ್ಮ ರಸ್ತೆಯ ಕೆಂಪು ಕೆಸರಿನ ನೀರನ್ನು ಶುದ್ಧ ಅನ್ನೋದಕ್ಕೆ ಆಗುತ್ತಾ?

ನಿಂತಲ್ಲಿ ಸರಿ ಇದ್ದು ಏರಿನಲ್ಲಿ ರೇಸ್ ಕೊಟ್ಟಾಗ ಮಾತ್ರ ಜರ್ಕ್ ಹೊಡೆಯುವುದಕ್ಕೂ ಕಾರಣ ಇದೇ. ರೇಸ್ ಕೊಟ್ಟಾಗ ಸಿಲಿಂಡರಿನೊಳಗೆ ಒತ್ತಡ ಹೆಚ್ಚುತ್ತದೆ. ಆಗ ಕಿಡಿ ಹಾರಲು ಜಾಸ್ತಿ ವೋಲ್ಟೇಜ್ ಬೇಕು. ವೋಲ್ಟೇಜ್ ಏರಿದಷ್ಟೂ ಸೋರಿಕೆ ಸುಲಭ.

ಎಲ್ಲಿಂದ ಶುರು ಮಾಡಬೇಕು?

ಬಾನೆಟ್ ತೆಗೆಯುವ ಮೊದಲು ಸ್ವಲ್ಪ ನೆನಪು ಮಾಡಿಕೊಳ್ಳಿ. ಮಳೆಯಲ್ಲಿ ಯಾವಾಗ ಕೆಡುತ್ತದೆ? ಇದಕ್ಕೆ ಉತ್ತರ ಸಿಕ್ಕರೆ ಅರ್ಧ ಕೆಲಸ ಮುಗಿದಂತೆ.

ರಾತ್ರಿ ಹೊರಗೆ ನಿಂತಿತ್ತು, ಬೆಳಿಗ್ಗೆ ಶುರುವಾಗಲು ಸತಾಯಿಸಿತು, ಹತ್ತು ನಿಮಿಷ ಓಡಿದ ಮೇಲೆ ಸರಿಹೋಯಿತು. ಹಾಗಿದ್ದರೆ ಕಾಯಿಲ್, ವೈರು, ಕ್ಯಾಪಿನ ಮೇಲೆ ತೇವ ಕೂತಿದೆ. ಇಂಜಿನ್ನಿನ ಬಿಸಿಗೆ ಅದು ಆರುತ್ತದೆ. ತಗ್ಗಿನ ನೀರು ಹಾರಿದ ಮರುಕ್ಷಣ ಕೆಟ್ಟರೆ ಕೆಳಗಿನಿಂದ ಸಿಡಿದ ನೀರು ಪ್ಲಗ್ ಕ್ಯಾಪನ್ನೋ ಯಾವುದೋ ಸೆನ್ಸರಿನ ಕನೆಕ್ಟರನ್ನೋ ಮುಟ್ಟಿದೆ. ಅರ್ಧ ಗಂಟೆ ಜೋರು ಮಳೆಯಲ್ಲಿ ಓಡಿದ ಮೇಲೆ ನಿಧಾನವಾಗಿ ಪಿಕಪ್ ಇಳಿದರೆ ಏರ್ ಫಿಲ್ಟರ್ ನೋಡಿ. ಬಂಕಿನಿಂದ ಹೊರಟು ಒಂದೆರಡು ಕಿಲೋಮೀಟರಿಗೇ ಶುರುವಾದರೆ ಟ್ಯಾಂಕಿನಲ್ಲಿ ನೀರಿರಬಹುದು.

ಇನ್ನೊಂದು ಇದೆ. ಮಿಸ್ ಹೊಡೆಯದೆ, ಯಾರೋ ಸ್ವಿಚ್ ಆರಿಸಿದ ಹಾಗೆ ಪಕ್ಕನೆ ಬಂದ್ ಆಗುವುದು. ಅಂಥದ್ದು ಪ್ಲಗ್ಗಿನ ಸೋರಿಕೆ ಆಗಿರುವುದು ಕಡಿಮೆ. ಕನೆಕ್ಟರ್, ಕೀ ಸ್ವಿಚ್, ಕ್ರ್ಯಾಂಕ್ ಸೆನ್ಸರ್ (ಇಂಜಿನ್ ತಿರುಗುವುದನ್ನು ಗಮನಿಸುವುದು), ಬ್ಯಾಟರಿಯ ಅರ್ಥ್ ವೈರ್, ಇವುಗಳ ಕಡೆ ಹೋಗಿ.

ಮಿಸ್ತ್ರಿ ಹತ್ತಿರ ಒಯ್ದರೆ ಗಾಡಿ ಸರಿಯಾಗಿಯೇ ಓಡುತ್ತದೆ. ಏನು ಮಾಡೋದು?

ಇದು ಎಲ್ಲರ ಗೋಳು. ಮಳೆ ನಿಂತ ಮೇಲೆ ಗ್ಯಾರೇಜಿಗೆ ಹೋಗುತ್ತೀರಿ, ಇಂಜಿನ್ ಬಿಸಿಯಾಗಿರುತ್ತದೆ, ತೇವ ಆರಿರುತ್ತದೆ. "ಗಾಡಿ ಛಲೋ ಐತಲ್ರಿ ಸಾಹೇಬ್ರ" ಅನ್ನುತ್ತಾನೆ. ಅವನ ತಪ್ಪೂ ಅಲ್ಲ, ಪಾಪ.

ಹಾಗಾಗಿ ಮಳೆಯನ್ನು ನಾವೇ ತರಿಸಬೇಕು. ಇಸ್ತ್ರಿ ಮಾಡುವಾಗ ಬಟ್ಟೆಗೆ ನೀರು ಸಿಂಪಡಿಸುವ ಬಾಟಲಿ ಇರುತ್ತದಲ್ಲ, ಅದು ಸಾಕು. ಪೂರ್ತಿ ಕತ್ತಲಾದ ಮೇಲೆ, ಗಾಳಿಯಾಡುವ ಜಾಗದಲ್ಲಿ ಗಾಡಿ ನಿಲ್ಲಿಸಿ. ಕಾರಾದರೆ ನ್ಯೂಟ್ರಲ್, ಹ್ಯಾಂಡ್ ಬ್ರೇಕ್. ಇಂಜಿನ್ ಶುರು ಮಾಡಿ, ಬಾನೆಟ್ ಎತ್ತಿ, ಸುತ್ತಲಿನ ಲೈಟೆಲ್ಲ ಆರಿಸಿ. ಒಂದೆರಡು ನಿಮಿಷ ಸುಮ್ನೆ ನಿಲ್ಲಿ, ಕಣ್ಣು ಕತ್ತಲಿಗೆ ಹೊಂದಲಿ. ನೀರು ಹಾಕುವ ಮೊದಲೇ ಕೆಲವು ಸಲ ಕಾಣಿಸಿಬಿಡುತ್ತದೆ. ವೈರಿನ ಮಗ್ಗುಲಲ್ಲಿ ನೀಲಿ ಮಂಜಿನಂಥ ಹೊಳಪು, ಇಲ್ಲವೇ ಕ್ಯಾಪಿನಿಂದ ಇಂಜಿನ್ನಿನ ಕಬ್ಬಿಣಕ್ಕೆ ಹಾರುವ ದಾರದಂಥ ನೀಲಿ ಕಿಡಿ. ಕಿವಿಗೊಟ್ಟರೆ ಟಿಕ್ ಟಿಕ್ ಅಂತ ಸಣ್ಣ ಸದ್ದೂ ಕೇಳುತ್ತದೆ.

ಏನೂ ಕಾಣದಿದ್ದರೆ ಒಂದೊಂದೇ ಜಾಗಕ್ಕೆ ಮಂಜಿನ ಹಾಗೆ ತೆಳುವಾಗಿ ನೀರು ಸಿಂಪಡಿಸಿ. ಮೊದಲು ಕಾಯಿಲ್. ಸ್ವಲ್ಪ ಕಾಯಿರಿ. ಆಮೇಲೆ ಕಾಯಿಲಿನಿಂದ ಹೊರಡುವ ವೈರು, ಹಳೆ ಕಾರಾದರೆ ಆಮೇಲೆ ಡೆಲ್ಕೋ ಕ್ಯಾಪ್ (ಅದರ ಕಥೆ ಮುಂದಿದೆ), ಆಮೇಲೆ ಒಂದೊಂದೇ ಪ್ಲಗ್ ವೈರು. ಎಲ್ಲಕ್ಕೂ ಒಮ್ಮೆಲೇ ಹೊಡೆದರೆ ಯಾವುದು ಕಳ್ಳ ಅಂತ ತಿಳಿಯುವುದಿಲ್ಲ. ಎಲ್ಲಿ ನೀರು ಬಿದ್ದಾಗ ಇಂಜಿನ್ ಮುಗ್ಗರಿಸುತ್ತದೋ ಅದೇ ಜಾಗ. ಬಾಟಲಿಗೆ ಉಪ್ಪು ಹಾಕಿದರೆ ಬೇಗ ಗೊತ್ತಾಗುತ್ತದೆ ಅನ್ನುವವರಿದ್ದಾರೆ. ಹಾಕಬೇಡಿ, ಕನೆಕ್ಟರುಗಳಿಗೆ ತುಕ್ಕು ಹಿಡಿಯುತ್ತದೆ.

ಹೀಗೆ ಮಾಡಿದರೆ ಶಾಕ್ ಹೊಡೆಯಲ್ವಾ?

ವೈರು ಮುಟ್ಟಿದರೆ ಹೊಡೆಯುತ್ತದೆ, ಅದೂ ಜೋರಾಗಿ. ಇಂಜಿನ್ ಓಡುವಾಗ ಕೈ ಒಳಗೆ ಹಾಕಬೇಡಿ. ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡವರು ಈ ಕೆಲಸದ ಹತ್ತಿರ ನಿಲ್ಲಬಾರದು. ಲುಂಗಿ, ಟವೆಲ್, ಸೀರೆಯ ಸೆರಗು ಫ್ಯಾನಿನಿಂದ ದೂರ ಇರಲಿ. ಆಲ್ಟರ್ನೇಟರ್ (ಬ್ಯಾಟರಿ ಚಾರ್ಜ್ ಮಾಡುವುದು), ಫ್ಯೂಸ್ ಬಾಕ್ಸ್, ಇಸಿಯು (ಇಂಜಿನ್ನಿನ ಕಂಪ್ಯೂಟರ್) ಮೇಲೆ ನೀರು ಹೊಡೆಯಬೇಡಿ. ಎಲ್ಲಾದರೂ ಪೆಟ್ರೋಲ್ ವಾಸನೆ ಬರುತ್ತಿದ್ದರೆ ಪರೀಕ್ಷೆ ಅಲ್ಲಿಗೇ ನಿಲ್ಲಿಸಿ. ಕಿಡಿ ಹುಡುಕುವ ಜಾಗದಲ್ಲಿ ಪೆಟ್ರೋಲ್ ಸೋರಬಾರದು.

ನನ್ನದು ಹಳೆ ಕಾರ್ಬುರೇಟರ್ ಕಾರು. ಡೆಲ್ಕೋ ಕ್ಯಾಪಿನಲ್ಲಿ ಏನು ನೋಡಬೇಕು?

ಡೆಲ್ಕೋ ಅಂದರೆ ಡಿಸ್ಟ್ರಿಬ್ಯೂಟರ್, ಕಾಯಿಲಿನ ಕರೆಂಟನ್ನು ಒಂದೊಂದೇ ಪ್ಲಗ್ಗಿಗೆ ಹಂಚುವ ಭಾಗ. ನಮ್ಮ ಮಿಸ್ತ್ರಿಗಳ ಬಾಯಲ್ಲಿ ಅದು ಡೆಲ್ಕೋ ಆಗಿಯೇ ಉಳಿದಿದೆ. ಹಳೆ ಮಾರುತಿ 800, ಓಮ್ನಿ, ಪೆಟ್ರೋಲ್ ಅಂಬಾಸಿಡರ್ ಇಟ್ಟವರಿಗೆಲ್ಲ ಇದು ಗೊತ್ತು.

ನಮ್ಮ ಮನೆಯ ಹಳೆ ಕಾರು ಒಂದು ಜುಲೈನಲ್ಲಿ ಜಾಂಬೋಟಿ ದಾಟಿ ಕಣಕುಂಬಿಯ ದಾರಿಯಲ್ಲಿ ನಿಂತುಬಿಟ್ಟಿತು. ಮಲಪ್ರಭೆ ಹುಟ್ಟುವ ಊರು ಅದು, ಅಲ್ಲಿ ಮಳೆ ಬಂದರೆ ಮಾತೇ ಕೇಳಿಸುವುದಿಲ್ಲ. ಅದಕ್ಕೂ ಮೊದಲು ಒಂದು ಗ್ಯಾರೇಜಿನಲ್ಲಿ ಕಾರ್ಬುರೇಟರ್ ಕಿಟ್ ಹಾಕಿಸಿದ್ದೆವು. ಆಮೇಲೆ ಪೆಟ್ರೋಲ್ ಪಂಪ್, ಆಮೇಲೆ ಹೊಸ ಪ್ಲಗ್ಗು. ಪ್ರತಿ ಸಲವೂ ಬಿಸಿಲಿಗೆ ಓಡಿಸಿ ನೋಡಿ "ಆಯ್ತು" ಅಂದಿದ್ದರು. ಮುಂದಿನ ಮಳೆಗೆ ಮತ್ತೆ ಅದೇ ಹಾಡು.

ಕಾಕಾ ಬಂದವರೇ ಕ್ಯಾಪಿನ ಎರಡು ಕ್ಲಿಪ್ ಬಿಚ್ಚಿ, ಅದನ್ನು ಬೋರಲು ಮಾಡಿ ಟಾರ್ಚ್ ಹಿಡಿದರು. ಒಳಗೆ ಒಂದು ವೈರಿನ ಲೋಹದ ಕಂಬದಿಂದ ಪಕ್ಕದ ಕಂಬಕ್ಕೆ ಕೂದಲೆಳೆಯಷ್ಟು ಕಪ್ಪು ಗೆರೆ. ಪೆನ್ಸಿಲಿನಿಂದ ಎಳೆದ ಹಾಗಿತ್ತು. ನಾನು ಹೆಬ್ಬೆರಳಿನಿಂದ ಒರೆಸಿದೆ, ಹೋಗಲಿಲ್ಲ. "ಕರೆಂಟು ಕಾಲುದಾರಿ ಮಾಡ್ಕೊಂಡೈತಿ ನೋಡು" ಅಂದರು ಕಾಕಾ.

ನಿಜಕ್ಕೂ ಅದು ಕಾಲುದಾರಿಯೇ. ತೇವದ ಮೇಲೆ ಕರೆಂಟ್ ಹರಿದು ಹರಿದು ಕ್ಯಾಪಿನ ಪ್ಲಾಸ್ಟಿಕ್ ಸುಟ್ಟು ಇದ್ದಿಲಾಗುತ್ತದೆ. ಇದ್ದಿಲು ಕರೆಂಟನ್ನು ಒಯ್ಯುತ್ತದೆ. ಮುಂದಿನ ಸಲ ತೇವ ಸ್ವಲ್ಪವೇ ಇದ್ದರೂ ಕರೆಂಟ್ ಅದೇ ದಾರಿ ಹಿಡಿಯುತ್ತದೆ, ದಾರಿ ಇನ್ನಷ್ಟು ಅಗಲವಾಗುತ್ತದೆ. ಪಾಲಿಶ್ ಪೇಪರ್ ಹಾಕಿ ತಿಕ್ಕಿದರೆ ಮನೆ ಮುಟ್ಟುವಷ್ಟು ಓಡೀತು. ಗೆರೆ ಬಿದ್ದ ಕ್ಯಾಪನ್ನು ಬದಲಿಸಲೇಬೇಕು.

ಕ್ಯಾಪ್ ಬಿಚ್ಚಿದಾಗ ಅದರ ಕೆಳಗೆ ತಿರುಗುವ ರೋಟರಿನ ತುದಿ ಸವೆದಿದೆಯಾ ನೋಡಿ. ಕ್ಯಾಪಿನ ನಡುವಿನ ಇದ್ದಿಲ ಗುಂಡಿ ಸ್ಪ್ರಿಂಗಿನ ಮೇಲೆ ಆಡುತ್ತಿದೆಯಾ ಒತ್ತಿ ನೋಡಿ. ಒಳಗೆ ಬೆವರಿದ ಹಾಗೆ ಹನಿ ಇದ್ದರೆ ಒಣ ಬಟ್ಟೆಯಿಂದ ಒರೆಸಿ. ಪೆಟ್ರೋಲ್ ಅದ್ದಿದ ಬಟ್ಟೆ ಬೇಡ, ಮುಚ್ಚಿದ ಕ್ಯಾಪಿನೊಳಗೆ ಹಬೆ ಉಳಿದು ಕಿಡಿ ಹಾರಿದರೆ ಅಪಾಯ. ಬಿಚ್ಚುವ ಮೊದಲು ಯಾವ ವೈರು ಎಲ್ಲಿತ್ತು ಅಂತ ಮೊಬೈಲಿನಲ್ಲಿ ಒಂದು ಫೋಟೋ ಹೊಡೆದಿಟ್ಟುಕೊಳ್ಳಿ.

ಪ್ಲಗ್ ವೈರನ್ನು ಮಲ್ಟಿಮೀಟರಿನಲ್ಲಿ ನೋಡಿದೆ, ಸರಿ ಇದೆ. ಆದರೂ ಮಿಸ್ ಆಗುತ್ತದೆ!

ಮೀಟರ್ ಸುಳ್ಳು ಹೇಳುತ್ತಿಲ್ಲ. ನೀವು ಬೇರೆ ಪ್ರಶ್ನೆ ಕೇಳುತ್ತಿದ್ದೀರಿ. ವೈರಿನೊಳಗಿನ ಎಳೆ ತುಂಡಾಗಿದೆಯಾ ಇಲ್ಲವಾ ಅನ್ನುವುದನ್ನು ಮೀಟರ್ ಹೇಳುತ್ತದೆ. ಒಂದು ವೈರು ಉಳಿದವುಗಳಿಗಿಂತ ತೀರಾ ಬೇರೆ ರೀಡಿಂಗ್ ಕೊಟ್ಟರೆ, ಅದೂ ಉದ್ದದ ಲೆಕ್ಕ ಹಿಡಿದು ನೋಡಿದ ಮೇಲೂ, ಅದು ಕೆಟ್ಟಿದೆ. ಆದರೆ ಮೇಲಿನ ರಬ್ಬರಿನ ಕಥೆ ಮೀಟರಿಗೆ ಗೊತ್ತಾಗುವುದಿಲ್ಲ. ಅದು ಪರೀಕ್ಷೆ ಮಾಡುವುದು ಕೆಲವೇ ವೋಲ್ಟಿನಲ್ಲಿ, ಗಾಡಿ ಓಡುವುದು ಸಾವಿರಗಟ್ಟಲೆ ವೋಲ್ಟಿನಲ್ಲಿ. ಅದಕ್ಕೇ ಕತ್ತಲು ಮತ್ತು ನೀರಿನ ಬಾಟಲಿ ಬೇಕು. ವೈರನ್ನು ಮೆಲ್ಲಗೆ ಬಗ್ಗಿಸಿ ನೋಡಿ, ಹೊರಮೈಯಲ್ಲಿ ಸಣ್ಣ ಸಣ್ಣ ಬಿರುಕು ಕಂಡರೆ ಮತ್ತೆ ಯೋಚನೆ ಬೇಡ. ಹಾಕಿಸುವಾಗ ಎಲ್ಲ ವೈರುಗಳನ್ನೂ ಒಟ್ಟಿಗೆ ಹಾಕಿಸಿ.

ಹೊಸ ಪ್ಲಗ್ ಹಾಕಿದರೆ ಸಾಕಾ?

ಕೆಲವು ಸಲ ಸಾಕು, ಅದಕ್ಕೆ ಕಾರಣವೂ ಇದೆ. ಪ್ಲಗ್ ಸವೆದಂತೆ ಅದರ ಗ್ಯಾಪ್ ಅಗಲವಾಗುತ್ತದೆ. ಬೈಕಿನಲ್ಲಿ ಸಾಮಾನ್ಯವಾಗಿ 0.7-0.8 ಮಿಲಿಮೀಟರ್, ಕಾರಿನಲ್ಲಿ 1.1ರ ತನಕ ಇರುತ್ತದೆ. ನಿಮ್ಮ ಗಾಡಿಯ ಸರಿಯಾದ ಅಳತೆ ಅದರ ಪುಸ್ತಕದಲ್ಲಿದೆ. ಗ್ಯಾಪ್ ದೊಡ್ಡದಾದರೆ ಕಿಡಿ ಹಾರಲು ಜಾಸ್ತಿ ವೋಲ್ಟೇಜ್ ಬೇಕು, ಆಗ ಒದ್ದೆ ವೈರಿನಿಂದ ಸೋರುವುದೂ ಜಾಸ್ತಿ. ಹೊಸ ಪ್ಲಗ್ ಹಾಕಿದಾಗ ಈ ಒತ್ತಡ ಇಳಿಯುತ್ತದೆ. ಹಳೆ ವೈರು ಇನ್ನೊಂದು ಮಳೆಗಾಲ ತಳ್ಳಿಬಿಡಬಹುದು. ಆದರೆ ವೈರಿನ ಬಿರುಕು ಅಲ್ಲೇ ಇರುತ್ತದೆ, ನೆನಪಿರಲಿ.

ನನ್ನದು ಹೊಸ ಕಾರು. ಡೆಲ್ಕೋನೂ ಇಲ್ಲ, ಉದ್ದನೆ ವೈರೂ ಇಲ್ಲ.

ಹೌದು, ಈಗ ಪ್ರತಿ ಪ್ಲಗ್ಗಿನ ತಲೆಯ ಮೇಲೇ ಒಂದು ಕಾಯಿಲ್ ಕೂತಿರುತ್ತದೆ. ಸೋರಲು ಜಾಗ ಕಡಿಮೆ, ಆದರೂ ಸೋರುತ್ತದೆ. ಪ್ಲಗ್ ಕೂತಿರುವುದು ಆಳದ ಗುಂಡಿಯಲ್ಲಿ. ವೈಪರಿನ ಕೆಳಗಿನ ತಟ್ಟೆಯಲ್ಲಿ ಎಲೆ, ಕಸ ತುಂಬಿ ನೀರಿನ ದಾರಿ ಕಟ್ಟಿದರೆ ಮಳೆ ನೀರು ನೇರ ಕಾಯಿಲುಗಳ ಮೇಲೆ ತೊಟ್ಟಿಕ್ಕುತ್ತದೆ. ಬೆಳಗಾವಿಯ ಕ್ಯಾಂಪಿನ (ದಂಡು ಪ್ರದೇಶದ) ಕಡೆ ದೊಡ್ಡ ಮರಗಳ ಕೆಳಗೆ ಗಾಡಿ ನಿಲ್ಲಿಸುವವರು ಜೂನ್ ಬರುವ ಮೊದಲೇ ಅಲ್ಲಿ ಒಮ್ಮೆ ಕೈ ಹಾಕಿ ಎಲೆ ತೆಗೆಯಿರಿ. ಎರಡು ನಿಮಿಷದ ಕೆಲಸ.

ಓಬಿಡಿ ಸ್ಕ್ಯಾನರ್ (ಇಂಜಿನ್ನಿನ ಕಂಪ್ಯೂಟರ್ ಗುರುತಿಸಿದ ದೋಷ ಓದುವ ಯಂತ್ರ) ಹಾಕಿದರೆ ಯಾವ ಸಿಲಿಂಡರ್ ಮಿಸ್ ಆಗುತ್ತಿದೆ ಅಂತ ಕೋಡ್ ಬರುತ್ತದೆ. ಪಿ0302 ಅಂದರೆ ಎರಡನೆಯದು, ಪಿ0303 ಅಂದರೆ ಮೂರನೆಯದು. ಪಿ0300 ಬಂದರೆ ಒಂದೇ ಸಿಲಿಂಡರ್ ಅಲ್ಲ, ಅಲ್ಲೊಮ್ಮೆ ಇಲ್ಲೊಮ್ಮೆ ಮಿಸ್ ಆಗುತ್ತಿದೆ. ಕೋಡ್ ಬಂತು ಅಂತ ಕೂಡಲೇ ಕಾಯಿಲ್ ಕೊಳ್ಳಬೇಡಿ. ಪಿ0302 ಬಂದಿದ್ದರೆ ಎರಡನೆಯ ಕಾಯಿಲನ್ನು ಮೂರಕ್ಕೆ, ಮೂರರದ್ದನ್ನು ಎರಡಕ್ಕೆ ಅದಲುಬದಲು ಮಾಡಿ ಓಡಿಸಿ. ಕೋಡ್ ಪಿ0303ಕ್ಕೆ ಹೋದರೆ ಕಾಯಿಲ್ ಕೆಟ್ಟಿದೆ. ಅಲ್ಲೇ ಉಳಿದರೆ ಪ್ಲಗ್, ಇಂಜೆಕ್ಟರ್, ವೈರಿಂಗ್ ನೋಡಿ. ಬಿಡಿಗಾಸು ಖರ್ಚಿಲ್ಲದ ಪರೀಕ್ಷೆ ಇದು.

ಇಂಜಿನ್ ಲೈಟ್ ಮಿಟುಕುತ್ತಿದ್ದರೆ ಓಡಿಸುತ್ತ ಹೋಗಬೇಡಿ. ಸುಡದ ಪೆಟ್ರೋಲ್ ಸೈಲೆನ್ಸರಿನ ಕ್ಯಾಟಲಿಟಿಕ್ ಕನ್ವರ್ಟರಿಗೆ (ಹೊಗೆ ಶುದ್ಧ ಮಾಡುವ ಭಾಗಕ್ಕೆ) ಹೋಗಿ ಅಲ್ಲಿ ಉರಿಯುತ್ತದೆ. ಅದರ ಬೆಲೆಯ ಮುಂದೆ ಕಾಯಿಲಿನದು ಏನೂ ಅಲ್ಲ.

ಇನ್ನು ಇಲಿ. ಮಳೆಗೆ ಹೊಲದ ಬಿಲದಲ್ಲಿ ನೀರು ತುಂಬಿದರೆ ಇಲಿಗಳಿಗೆ ಬೆಚ್ಚಗಿನ ಜಾಗ ಬೇಕಾಗುತ್ತದೆ. ನಿಮ್ಮ ಬಾನೆಟ್ಟಿನ ಒಳಗಡೆಗಿಂತ ಬೆಚ್ಚಗೆ ಎಲ್ಲಿದೆ? ವೈರಿಂಗ್ ಕಡಿದಿವೆಯಾ ಅಂತ ಒಮ್ಮೆ ನೋಡಿಬಿಡಿ.

ಬೈಕ್, ಸ್ಕೂಟರಿನಲ್ಲಿ?

ಎಲ್ಲಕ್ಕಿಂತ ಮೊದಲು ಪ್ಲಗ್ ಕ್ಯಾಪ್. ಅದರ ರಬ್ಬರ್ ಹರಿದಿದ್ದರೆ ಮುಂದಿನ ಚಕ್ರದ ನೀರು ಸೀದಾ ಅಲ್ಲಿಗೇ ಬರುತ್ತದೆ. ವೈರು ಕ್ಯಾಪಿನೊಳಗೆ ತಿರುಗಿಸಿ ಕೂರಿಸುವ ತರಹದ್ದಾದರೆ, ಬಿಚ್ಚಿ ತುದಿ ನೋಡಿ. ತಾಮ್ರ ಹಸಿರುಗಟ್ಟಿದ್ದರೆ ಅರ್ಧ ಸೆಂಟಿಮೀಟರ್ ಕತ್ತರಿಸಿ ಮತ್ತೆ ತಿರುಗಿಸಿ ಹಾಕಿ. ಎಷ್ಟೋ ಗಾಡಿಗಳು ಇಷ್ಟಕ್ಕೇ ಸರಿಹೋಗಿವೆ. ಹಲವು ಬೈಕುಗಳಲ್ಲಿ ಪ್ಲಗ್ಗಿನ ಗುಂಡಿಯಿಂದ ನೀರು ಹೊರಹೋಗಲು ಒಂದು ಸಣ್ಣ ತೂತು ಇರುತ್ತದೆ. ಕೆಸರು ಮೆತ್ತಿ ಅದು ಮುಚ್ಚಿದ್ದರೆ ಪ್ಲಗ್ ನೀರಲ್ಲೇ ನಿಂತಿರುತ್ತದೆ. ಸೈಕಲ್ಲಿನ ಕಡ್ಡಿ ಹಾಕಿ ಬಿಡಿಸಿ.

ಸೈಡ್ ಸ್ಟ್ಯಾಂಡ್ ಇಳಿದಿದ್ದರೆ ಇಂಜಿನ್ ಶುರುವಾಗದ ಹಾಗೆ ಹಲವು ಹೊಸ ಬೈಕುಗಳಲ್ಲಿ ಸ್ವಿಚ್ ಇರುತ್ತದೆ. ಅದಕ್ಕೆ ಕೆಸರು ಮೆತ್ತಿದರೆ ನಡುರಸ್ತೆಯಲ್ಲೇ ಬಂದ್. ಪ್ಲಗ್ ಬಿಚ್ಚುವ ಮೊದಲು ಒಂದು ತಂಬಿಗೆ ಶುದ್ಧ ನೀರು ಹಾಕಿ ಸ್ಟ್ಯಾಂಡಿನ ಬುಡ ತೊಳೆದು ನೋಡಿ.

ಸ್ಕೂಟರಿನಲ್ಲಿ ಇಂಜಿನ್ ಸದ್ದು ಏರುತ್ತದೆ, ಗಾಡಿ ಮಾತ್ರ ಎಳೆಯುವುದಿಲ್ಲ ಅಂದರೆ ಅದು ಇಂಜಿನ್ ದೋಷವೇ ಅಲ್ಲ. ಬೆಲ್ಟಿನ ಪೆಟ್ಟಿಗೆಗೆ ನೀರು ಹೋಗಿ ಬೆಲ್ಟ್ ಜಾರುತ್ತಿದೆ.

ಪೆಟ್ರೋಲಿನಲ್ಲೇ ನೀರಿದೆಯಾ ಅಂತ ತಿಳಿಯೋದು ಹೇಗೆ?

ಟ್ಯಾಂಕಿನಿಂದ ಸ್ವಲ್ಪ ಪೆಟ್ರೋಲನ್ನು ಗಾಜಿನ ಬಾಟಲಿಗೆ ಇಳಿಸಿ ಅರ್ಧ ಗಂಟೆ ಬಿಡಿ. ಹತ್ತಿರ ಬೀಡಿ, ದೀಪ, ಒಲೆ ಯಾವುದೂ ಬೇಡ. ಬಾಟಲಿಯ ತಳದಲ್ಲಿ ಬೇರೆ ಪದರ ಕಂಡರೆ ಸಂಶಯ ನಿಜ.

ಮೊದಲು ಇದು ಇನ್ನೂ ಸುಲಭವಿತ್ತು. ಈಗ ಬಂಕುಗಳಲ್ಲಿ ಸಿಗುವುದು ಇ20, ಅಂದರೆ ಅದರಲ್ಲಿ 20% ತನಕ ಎಥನಾಲ್ ಇರುತ್ತದೆ. ನಮ್ಮ ಬೆಳಗಾವಿ, ಬಾಗಲಕೋಟೆಯ ಸಕ್ಕರೆ ಕಾರ್ಖಾನೆಗಳಲ್ಲೂ ಎಥನಾಲ್ ತಯಾರಾಗುತ್ತದೆ. ನೀರು ಅಂದರೆ ಎಥನಾಲ್‌ಗೆ ಪ್ರೀತಿ. ಸ್ವಲ್ಪ ನೀರಿದ್ದರೆ ಅದನ್ನು ತನ್ನೊಳಗೇ ಇಟ್ಟುಕೊಳ್ಳುತ್ತದೆ, ಆ ನೀರು ಇಂಜಿನ್ನಿಗೆ ಹೋಗಿ ಹಬೆಯಾಗಿಬಿಡುತ್ತದೆ, ನಿಮಗೆ ಗೊತ್ತೂ ಆಗುವುದಿಲ್ಲ. ನೀರು ಮಿತಿ ಮೀರಿದರೆ ಎಥನಾಲ್ ಪೆಟ್ರೋಲನ್ನು ಬಿಟ್ಟು ನೀರಿನ ಜೊತೆ ತಳಕ್ಕೆ ಇಳಿಯುತ್ತದೆ. ಪಂಪ್ ಹೀರುವುದು ತಳದಿಂದಲೇ. ಆಮೇಲೆ ಮೇಲಿಂದ ಹೊಸ ಪೆಟ್ರೋಲ್ ಹಾಕಿದರೆ ಕೂಡುತ್ತದೆ ಅಂತ ನಂಬಿಕೊಂಡು ಕೂರಬೇಡಿ. ಟ್ಯಾಂಕ್ ಪೂರ್ತಿ ಖಾಲಿ ಮಾಡಿಸಿ.

ಬಂಕಿನ ತಪ್ಪೇ ಅಂತ ಹೊರಡುವ ಮುಂಚೆ ನಿಮ್ಮ ಬೈಕಿನ ಟ್ಯಾಂಕ್ ಮುಚ್ಚಳ ನೋಡಿ. ಅದರ ಸುತ್ತ ಬಿದ್ದ ನೀರು ಇಳಿದುಹೋಗಲು ಒಂದು ತೂತಿರುತ್ತದೆ. ಅದು ಕಟ್ಟಿದರೆ ನೀರು ಮುಚ್ಚಳದ ಸುತ್ತ ನಿಂತು, ಹಳೆ ರಬ್ಬರಿನ ಸಂದಿಯಿಂದ ಟ್ಯಾಂಕಿಗೆ ಇಳಿಯುತ್ತದೆ. ನಾನು ನೋಡಿದ ಬೈಕುಗಳಲ್ಲಿ ಬಂಕಿಗಿಂತ ಈ ತೂತಿನದೇ ತಪ್ಪು ಜಾಸ್ತಿ. ಬಂಕಿನವರ ಮೇಲೇ ಸಂಶಯ ಇದ್ದರೆ ಬಿಲ್ ಇಟ್ಟುಕೊಳ್ಳಿ. ನೆಲದೊಳಗಿನ ಟ್ಯಾಂಕಿನಲ್ಲಿ ನೀರಿದೆಯಾ ಅಂತ ಅಳತೆಯ ಕೋಲಿಗೆ ಬಣ್ಣ ಬದಲಿಸುವ ಪೇಸ್ಟ್ ಹಚ್ಚಿ ನೋಡುವ ಪದ್ಧತಿ ಇದೆ. ಮಾಡಿ ತೋರಿಸಿ ಅಂತ ಕೇಳಿ.

ಏರ್ ಫಿಲ್ಟರ್ ಒದ್ದೆಯಾದರೆ?

ಕಾಗದದ ಫಿಲ್ಟರ್ ನೀರು ಹೀರಿ ಉಬ್ಬಿದರೆ ಗಾಳಿ ಹೋಗುವುದಿಲ್ಲ. ಕಾರ್ಬುರೇಟರ್ ಗಾಡಿಯಾದರೆ ಕಪ್ಪು ಹೊಗೆ ಬರುತ್ತದೆ. ಒಣಗಿಸಿ ಮತ್ತೆ ಹಾಕುವ ಜುಗ್ಗತನ ಬೇಡ, ಹೊಸದು ಹಾಕಿ. ಸ್ಕೂಟರಿನ ಫಿಲ್ಟರ್ ಡಬ್ಬಿಯ ತಳದಲ್ಲಿ ಒಂದು ಪಾರದರ್ಶಕ ನಳಿಗೆ ಇದ್ದರೆ ಅದರ ಬಿರಡೆ ತೆಗೆದು ನೀರು ಇಳಿಸಿ.

ತೇವದ ಗಾಳಿಯೇ ಇಂಜಿನ್ನಿಗೆ ಆಗುವುದಿಲ್ಲ ಅಂತಾರೆ. ಹೌದಾ?

ಅದು ನೆಪ. ಗಾಳಿಯಲ್ಲಿ ಹಬೆ ಇದ್ದಷ್ಟು ಆಮ್ಲಜನಕ ಕೊಂಚ ಕಡಿಮೆ, ನಿಜ. ಆದರೆ ಮಳೆಗಾಲದ ತಂಪು ಗಾಳಿ ದಟ್ಟ ಇರುತ್ತದೆ. ಸರಿ ಇರುವ ಗಾಡಿ ಸಂಜೆಯ ತಂಪಿನಲ್ಲಿ ಇನ್ನೂ ಹುಮ್ಮಸ್ಸಿನಿಂದ ಎಳೆಯುತ್ತದೆ.

ನಿಂತ ನೀರಿನಲ್ಲಿ ಗಾಡಿ ಆಫ್ ಆಯಿತು. ಸೆಲ್ಫ್ ಹೊಡೆಯಲಾ?

ಹೊಡೆಯಬೇಡಿ. ಒಂದು ಸಲವೂ ಬೇಡ.

2019ರ ಆಗಸ್ಟ್ ಪ್ರವಾಹ ನೆನಪಿದೆಯಲ್ಲ? ಆಗ ನೀರಿನಿಂದ ಅಲ್ಲ, ಸೆಲ್ಫ್ ಹೊಡೆದೇ ಇಂಜಿನ್ ಕಳೆದುಕೊಂಡವರನ್ನು ನಾನೇ ನೋಡಿದ್ದೇನೆ. ಗಾಳಿಯನ್ನು ಒತ್ತಿ ಕುಗ್ಗಿಸಬಹುದು, ನೀರನ್ನು ಆಗುವುದಿಲ್ಲ. ಸಿಲಿಂಡರಿನಲ್ಲಿ ನೀರಿದ್ದು ಪಿಸ್ಟನ್ ಮೇಲೆ ಬಂದರೆ ಪಿಸ್ಟನ್ನನ್ನು ಹಿಡಿದಿರುವ ಕನೆಕ್ಟಿಂಗ್ ರಾಡ್ ಬಗ್ಗುತ್ತದೆ. ಗಾಡಿಯನ್ನು ತಳ್ಳಿ ಎತ್ತರಕ್ಕೆ ತನ್ನಿ, ಬ್ಯಾಟರಿಯ ವೈರು ತೆಗೆಯಿರಿ. ಏರ್ ಫಿಲ್ಟರ್ ಒದ್ದೆ ಇದ್ದರೆ ಪ್ಲಗ್ಗುಗಳನ್ನೆಲ್ಲ ಬಿಚ್ಚಿಸಿ, ಇಂಜಿನ್ನನ್ನು ಕೈಯಿಂದ ತಿರುಗಿಸಿ ನೀರು ಹೊರಗೆ ಹಾಕಿಸಬೇಕು. ಆಯಿಲ್ ಕಡ್ಡಿ ಎಳೆದು ನೋಡಿ. ಹಾಲು ಹಾಕಿದ ಚಹಾದ ಬಣ್ಣ ಇದ್ದರೆ ಆಯಿಲಿನಲ್ಲೂ ನೀರು ಸೇರಿದೆ. ವಿಮೆಯವರೂ ಸೆಲ್ಫ್ ಹೊಡೆದಿರಾ ಅಂತಲೇ ಮೊದಲು ಕೇಳುತ್ತಾರೆ.

ಡಬ್ಲ್ಯುಡಿ-40 ಹೊಡೆದರೆ ಸರಿಹೋಗುತ್ತದಲ್ಲ? ಸೈಕಲ್ ಟ್ಯೂಬ್ ಸುತ್ತಿದರೆ?

ಡಬ್ಲ್ಯುಡಿ ಅಂದರೆ ನೀರನ್ನು ಓಡಿಸುವುದು ಅಂತಲೇ ಅರ್ಥ, 40 ಅಂದರೆ 40ನೆಯ ಪ್ರಯತ್ನ. ದಾರಿಯಲ್ಲಿ ಸಿಕ್ಕಿಬಿದ್ದಾಗ ಅದು ದೇವರಂತೆ ಬರುತ್ತದೆ. ಇಂಜಿನ್ ಆರಿಸಿ, ತಣ್ಣಗಾದ ಮೇಲೆ ಹೊಡೆದು, ಒರೆಸಿ, ಆರಲು ಬಿಡಿ. ಅದಕ್ಕೆ ಬೆಂಕಿ ಹತ್ತುತ್ತದೆ. ಮನೆ ಮುಟ್ಟಿದ ಮೇಲೆ ಬಿರುಕು ಹುಡುಕಿ.

ಟ್ಯೂಬ್ ಸುತ್ತುವುದು ನಮ್ಮಲ್ಲಿ ಹಳೆ ರೂಢಿ. ಕೆಸರು ಸಿಡಿಯುವುದನ್ನು ಅದು ತಡೆಯುತ್ತದೆ. ಆದರೆ ಟ್ಯೂಬಿನ ಕಪ್ಪು ರಬ್ಬರಿನಲ್ಲಿ ಕಾರ್ಬನ್ ಇರುತ್ತದೆ, ಹೈವೋಲ್ಟೇಜಿಗೆ ಅದು ನಂಬುವಂಥ ತಡೆ ಅಲ್ಲ. ಕ್ಯಾಪಿನ ರಬ್ಬರ್ ಬಾಯಿಯ ಒಳಗೆ ಸಿಲಿಕೋನ್ ಡೈಎಲೆಕ್ಟ್ರಿಕ್ (ಕರೆಂಟ್ ಹರಿಯಗೊಡದ) ಗ್ರೀಸ್ ತೆಳುವಾಗಿ ಹಚ್ಚಿ, ಅದು ವಾಸಿ. ಬೇರಿಂಗಿಗೆ ಹಾಕುವ ಗ್ರೀಸ್ ಬೇಡ.

ನಾವು ವಿಜಯಪುರದ ಕಡೆಯವರು. ನಮ್ಮಲ್ಲಿ ಮಳೆಯೇ ಕಡಿಮೆ. ಇದೆಲ್ಲ ನಮಗೆ ಬೇಕಾ?

ನಿಮ್ಮ ಕಡೆ ಇದೇ ದೋಷ ವಾಟರ್ ಸರ್ವಿಸಿಂಗ್ ಮಾಡಿಸಿದ ದಿನ ಬರುತ್ತದೆ. ಪ್ರೆಷರ್ ಪಂಪಿನ ನೀರು ಮಳೆ ಹೋಗದ ಸಂದಿಗೂ ಹೋಗುತ್ತದೆ. ಅಥಣಿಯ ನಮ್ಮ ಮಾವನವರು ಬೈಕ್ ತೊಳೆಸಿದ ಪ್ರತಿ ಸಲವೂ "ಹುಡುಗ ಏನೋ ಕೆಡಿಸಿದ" ಅಂತ ಸರ್ವಿಸಿಂಗಿನವನನ್ನು ಬೈಯುತ್ತಿದ್ದರು. ಹೋಗಿ ನೋಡಿದರೆ ಪ್ಲಗ್ ಕ್ಯಾಪಿನ ರಬ್ಬರೇ ಇರಲಿಲ್ಲ. ಯಾವಾಗಲೋ ಬಿದ್ದುಹೋಗಿತ್ತು. ಹೊಸ ಕ್ಯಾಪ್ ಹಾಕಿದೆವು. ಈಗ ಬೈಗುಳ ಸೋಪು ಸರಿಯಾಗಿ ಹಚ್ಚಲಿಲ್ಲ ಅಂತ ಮಾತ್ರ.